ಪಟ್ಟೆಯಲ್ಲಿ ಸುತ್ತಿದ ಸಮನ್ಸು

ಆ ವರ್ಷ ನಮ್ಮ ಕಚೇರಿಗೆ ಸಾಕ್ಷಿಗಳ ಬರ ಬಂದಿತ್ತು. ಮಳೆಯ ಬರ ಬಂದರೆ ಸರ್ಕಾರ ಮಂತ್ರಿಯನ್ನು ಕಳಿಸುತ್ತದೆ. ಸಾಕ್ಷಿಯ ಬರ ಬಂದರೆ ಹಿರಿಯ ವಕೀಲರು ಕಿರಿಯ ವಕೀಲನನ್ನು ಕಳಿಸುತ್ತಾರೆ. ಎರಡರಿಂದಲೂ ನೆಲ ಒದ್ದೆಯಾಗುವುದಿಲ್ಲ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮದರಾಸಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ನಾನು ಜೂನಿಯರ್ ವಕೀಲ. ಕಪ್ಪು ಕೋಟಿನೊಳಗೆ ಬೆವರುವುದೊಂದರಲ್ಲಿ ಮಾತ್ರ ಪೂರ್ತಿ ಪಳಗಿದ್ದೆ. ನನ್ನ ಸೀನಿಯರು ಬಳ್ಳಾರಿ ಕಡೆಯಿಂದ ಬಂದು ಮದರಾಸಿನಲ್ಲಿ ನರೆತವರು. ಮಾತು ಕಮ್ಮಿ, ನಶ್ಯ ಹೆಚ್ಚು.

ನಮ್ಮ ಕಕ್ಷಿ ಒಬ್ಬ ಹೆಂಗಸು. ತ್ರಿಪ್ಲಿಕೇನಿನಲ್ಲಿ ಕುಂದಾಪುರ ಕಡೆಯ ಅಣ್ಣ ತಮ್ಮಂದಿರದ್ದೊಂದು ಹೋಟೆಲಿತ್ತು. ಅಣ್ಣ ಅಡಿಗೆಮನೆ ನೋಡುತ್ತಿದ್ದ, ತಮ್ಮ ಗಲ್ಲಾದಲ್ಲಿ ಕೂರುತ್ತಿದ್ದ. ಕಟ್ಟಡ ಅಣ್ಣನ ಹೆಸರಿನಲ್ಲಿತ್ತು. ಅಣ್ಣ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಒಲೆಯ ಮುಂದೆಯೇ ಕುಸಿದು ತೀರಿಕೊಂಡ. ಮಹಡಿಯ ಕೋಣೆಗಳಲ್ಲಿ ಅವನೊಡನೆ ವರ್ಷಗಟ್ಟಲೆ ಸಂಸಾರ ಮಾಡಿದ ಈಕೆ ಉಳಿದಳು. ಮಕ್ಕಳಿರಲಿಲ್ಲ. ತಿಂಗಳ ಮಾಸಿಕ ಕಳೆಯುವ ಮೊದಲೇ ತಮ್ಮ ದಾವಾ ಹಾಕಿದ. ಈ ಹೆಂಗಸು ನನ್ನ ಅಣ್ಣನ ಹೆಂಡತಿಯಲ್ಲ, ಅವನು ಇಟ್ಟುಕೊಂಡವಳು; ವಾರಸುದಾರ ನಾನೊಬ್ಬನೇ; ಮಹಡಿ ಖಾಲಿ ಮಾಡಿಸಿಕೊಡಿ ಎಂದು.

ಆಕೆ ಹುಟ್ಟಿದ್ದು ಕಾಂಚೀಪುರದಲ್ಲಿ. ಅಪ್ಪ ಅಲ್ಲಿ ಯಾವುದೋ ಛತ್ರದ ಅಡಿಗೆಯವರು. ಅವಳ ಕನ್ನಡದಲ್ಲಿ ಅರ್ಧ ತಮಿಳು.

"ಸಾರ್, ರೂಮು ಬೇಡ ಅಂತ ಸೊಲ್ಲುತ್ತಿಲ್ಲ," ಎಂದಳು ಮೊದಲ ದಿನವೇ. "ಆದರೆ ಆ ಪೇಪರಿನಲ್ಲಿ ಒಂದು ವಾರ್ತೆ ಬರೆದಿದ್ದಾರಲ್ಲ, ಇಟ್ಟುಕೊಂಡವಳು ಅಂತ. ಅದು ಅಲ್ಲ ಅಂತ ಯಾರಾದರೂ ಒಬ್ಬರು ಕೋರ್ಟಿನಲ್ಲಿ ನಿಂತುಕೊಂಡು ಸೊಲ್ಲಬೇಕು. ಅಷ್ಟೇ ಪೋದುಂ, ಸಾಕು."

ಸೀನಿಯರು ನಶ್ಯ ಏರಿಸಿದರು. "ಮದುವೆ ಎಲ್ಲಾಯಿತಮ್ಮಾ?"

"ಅವರ ಅತ್ತೆ ಮನೆಯಲ್ಲಿ. ಇಲ್ಲೇ ತ್ರಿಪ್ಲಿಕೇನಿನಲ್ಲಿ. ನಡುಮನೆಯಲ್ಲಿ ಹೋಮ ಮಾಡಿದರು. ಅಪ್ಪ ಇದ್ದರು, ಪುರೋಹಿತರು ಇದ್ದರು, ಅತ್ತೆ ಇದ್ದರು."

ಅಪ್ಪ ತೀರಿಹೋಗಿದ್ದರು. ಪುರೋಹಿತರೂ ತೀರಿಹೋಗಿದ್ದರು. ಫೋಟೋ ತೆಗೆಸಿರಲಿಲ್ಲ. ಉಳಿದವರು ಸತ್ತವನ ಸೋದರತ್ತೆ ಒಬ್ಬರೇ. ಆದರೆ ಹೊರಗಿನ ಸಾಕ್ಷಿಯ ಬಾಯಿಯನ್ನು ನಂಬುವುದು ನಮ್ಮ ಸೀನಿಯರಿಗೆ ನಿಷಿದ್ಧ. ಏಕಾದಶಿಯ ದಿನ ಈರುಳ್ಳಿ ತಿಂದಷ್ಟು ಪಾಪ. "ಮೊದಲು ಕಾಗದ ಹುಡುಕು," ಎಂದರು ನನಗೆ. "ಕಾಗದ ಬದಲಾಗುವುದಿಲ್ಲ. ಮನುಷ್ಯರ ಬಾಯಿ ಬದಲಾಗುತ್ತದೆ."

ಹೀಗೆ ನಾನು ಕಾಗದ ಹುಡುಕಲು ಹೊರಟೆ. ಪಡಿತರದ ಕಾಲದಲ್ಲಿ ಮನೆಯ ಕಾರ್ಡಿನ ಮೇಲೆ ಯಜಮಾನನ ಹೆಸರು, ಹೆಂಡತಿಯ ಹೆಸರು ಇರುತ್ತಿತ್ತು. ಕಕ್ಷಿಯ ಹತ್ತಿರ ಕಾರ್ಡಿರಲಿಲ್ಲ. ಹೋಟೆಲಿನ ಪೆಟ್ಟಿಗೆಗಳೆಲ್ಲ ಮೈದುನನ ಕೈಯಲ್ಲಿ. ಕಚೇರಿಯಲ್ಲಾದರೂ ನಕಲು ಇರಬೇಕಲ್ಲ ಎಂದು ದಾಖಲೆ ಹಾಜರುಪಡಿಸುವ ಸಮನ್ಸಿಗೆ ಅರ್ಜಿ ಹಾಕಿದೆ. ಇಂಥ ಕಚೇರಿ, ಇಂಥ ದಾಖಲೆ, ಏಕೆ ಬೇಕು ಎಂದು ಬರೆದು, ಅಫಿಡವಿಟ್ಟು ಲಗತ್ತಿಸಿ, ಸಾಕ್ಷಿಯ ಭತ್ಯೆ ಕಟ್ಟಿ, ಸಮನ್ಸು ಮುಟ್ಟಿಸುವ ಅಮೀನರಿಗೆ ನಗುನಗುತ್ತ ನಮಸ್ಕಾರ ಹೇಳಿದರೆ ಸಮನ್ಸು ಹೊರಡುತ್ತದೆ. ಕೊನೆಯ ವಿಧಿ ಯಾವ ನಿಯಮದಲ್ಲೂ ಇಲ್ಲ, ಆದರೆ ಅದು ತಪ್ಪಿದರೆ ಉಳಿದವೆಲ್ಲ ವ್ಯರ್ಥ.

ಗೊತ್ತುಪಡಿಸಿದ ದಿನ ಪಡಿತರ ಕಚೇರಿಯ ಗುಮಾಸ್ತರು ಕೆಂಪು ಬಟ್ಟೆಯ ದೊಡ್ಡ ಕಟ್ಟು ಹೊತ್ತು ಸಾಕ್ಷಿಯ ಕಟಕಟೆ ಏರಿದರು. ನನ್ನ ಹೃದಯವೂ ಜೊತೆಗೆ ಏರಿತು. ಅವರು ಗಂಟು ಬಿಚ್ಚಿ, ಕನ್ನಡಕ ಏರಿಸಿ, ಪಡಿತರ ನಿಂತ ಮೇಲೆ ಹಳೆಯ ಕಾರ್ಡುಗಳ ನಕಲನ್ನೆಲ್ಲ ನಿಯಮದ ಪ್ರಕಾರ ಸುಟ್ಟುಹಾಕಲಾಗಿದೆ ಎಂದು ನಿವೇದಿಸಿದರು. ಹಾಗಾದರೆ ಈ ಕಟ್ಟಿನಲ್ಲಿ ಏನಿದೆ ಎಂದು ನ್ಯಾಯಾಧೀಶರು ಕೇಳಿದರು. ಸುಡಲು ಕೊಟ್ಟ ಅಪ್ಪಣೆಗಳು ಸ್ವಾಮಿ, ಎಂದರು ಗುಮಾಸ್ತರು. ಸುಟ್ಟದ್ದಕ್ಕೆ ದಾಖಲೆ ಅಷ್ಟು ಜೋಪಾನವಾಗಿತ್ತು. ನನ್ನ ಕಕ್ಷಿ ಹಿಂದಿನ ಬೆಂಚಿನಲ್ಲಿ ಕೂತು ಆ ಕೆಂಪು ಬಟ್ಟೆಯನ್ನೇ ನೋಡುತ್ತಿದ್ದಳು. ಅವರು ಮತ್ತೆ ಗಂಟು ಹಾಕುವ ತನಕ ಅವಳಿಗೆ ಆಸೆಯಿತ್ತೆಂದು ಕಾಣುತ್ತದೆ.

ಆ ಸಂಜೆ ಸೀನಿಯರು ಅವಳಿಗೆ ಬಿಡಿಸಿ ಹೇಳಿದರು. "ನೋಡಮ್ಮಾ, ದಾವಾ ಹಾಕಿದವನು ಅವನು. ತಾನು ವಾರಸುದಾರ ಎಂದು ಸ್ಥಾಪಿಸುವ ಹೊರೆ ಅವನದು. ನಾವು ಸಾಕ್ಷಿಯನ್ನೇ ಕರೆಸದೆ ಸುಮ್ಮನಿದ್ದರೂ ಅವನು ಎಡವಬಹುದು. ಸುಮ್ಮನಿರುವುದೂ ಒಂದು ವಕಾಲತ್ತೇ."

"ಸುಮ್ಮನಿದ್ದರೆ ನಾನು ಯಾರು ಅಂತ ಆಗುತ್ತೆ ಸಾರ್?"

ಸೀನಿಯರು ನಶ್ಯದ ಡಬ್ಬಿ ಮುಚ್ಚಿ ನನ್ನ ಕಡೆ ನೋಡಿದರು. ಅದರ ಅರ್ಥ, ಅತ್ತೆಯ ಮನೆಗೆ ಹೋಗು.

ಗುಡಿಯ ಕೊಳದ ಹಿಂದಿನ ಓಣಿಯಲ್ಲಿ ಮನೆ. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ಮುದುಕಿ ನಿಂತಿದ್ದರು. ಪ್ರಾಯ ಎಪ್ಪತ್ತು ದಾಟಿತ್ತು, ಬೆನ್ನು ಬಾಗಿರಲಿಲ್ಲ. ನಾನು ಹೊಸಿಲಿನ ಹತ್ತಿರ ಬಂದೊಡನೆ ಕೈ ಎತ್ತಿದರು.

"ಮುಟ್ಟೂಕಾಗ. ಮಡಿ. ಅಲ್ಲೇ ನಿಲ್ಲ್."

ಮುಟ್ಟಬಾರದೆಂಬ ಅಪ್ಪಣೆ. ನಿಂತೆ. ಯಾರ ಮಗ ಎಂದು ಕೇಳಿದರು. ಹೇಳಿದೆ. ಯಾರ ಮೊಮ್ಮಗ ಎಂದು ಕೇಳಿದರು. ಹೇಳಿದೆ. ಗೋತ್ರವೂ ಹೇಳಿಸಿಕೊಂಡ ಮೇಲೆ ತಲೆಯಾಡಿಸಿದರು. "ಒಳ್ಳೆ ಮನೆ ಮಾಣಿ. ಈ ಉದ್ಯೋಗ ಎಂತಕ್ಕೆ ಹಿಡಿದೆ?"

ಮದುವೆಯ ಮಾತೆತ್ತಿದೆ. ಮುಖ ಬಿಗಿಯಾಯಿತು.

"ಆಯಿತೋ ಇಲ್ಲವೋ, ಕೋರ್ಟಿಗೆ ನಾ ಬತ್ತಿಲ್ಲೆ. ಅವಳಿಗೆ ಹೇಳ್, ನನ್ನ ಕರೆಸೂದು ಬೇಡ. ಅವಳ ಒಳ್ಳೆಯದಕ್ಕೇ ಹೇಳ್ತೆ."

"ಒಂದೇ ಒಂದು ಮಾತು ಹೇಳಿದರೆ ಸಾಕು ಅಜ್ಜಿ."

"ಕೋರ್ಟಲ್ಲಿ ಒಂದು ಮಾತು ಅಂತ ಉಂಟಾ ಮಾಣಿ? ನೀ ಒಂದು ಕೇಳ್ತೆ, ಅವ ಹತ್ತು ಕೇಳ್ತ. ಹೋಗ್, ಹೋಗ್. ನಂಗೆ ನೈವೇದ್ಯ ಆಗಲಿಲ್ಲೆ."

ಮಡಿಹೆಂಗಸಿನ ಅಂಜಿಕೆ ಎಂದುಕೊಂಡು ಬಂದೆ. ನಮ್ಮ ಮನೆಯಲ್ಲೂ ಇಂಥ ಅಜ್ಜಿಯೊಬ್ಬರಿದ್ದರು. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದರೂ ಮನೆಯೊಳಗೆ ಓಡುತ್ತಿದ್ದರು. ಆ ತಿಳಿವಳಿಕೆಯೇ ನನ್ನ ದಾರಿ ತಪ್ಪಿಸಿತೆಂದು ಕಾಣುತ್ತದೆ. ಬೇರೆ ಜಾತಿಯ ವಕೀಲನಾಗಿದ್ದರೆ, ಒಳ್ಳೆಯದಕ್ಕೇ ಎಂದದ್ದು ಏಕೆ ಎಂದು ಯೋಚಿಸುತ್ತಿದ್ದನೋ ಏನೋ.

ಅವರ ಸಾಕ್ಷ್ಯವನ್ನು ಮನೆಯಲ್ಲೇ ಬರೆದುಕೊಳ್ಳಲು ಕಮಿಷನರನ್ನು ನೇಮಿಸಿ ಎಂದು ಅರ್ಜಿ ಹಾಕಿದೆವು. ಸಾರ್ವಜನಿಕರೆದುರು ಕಾಣಿಸಿಕೊಳ್ಳದ ಹೆಂಗಸರಿಗೆ ಆ ಸವಲತ್ತುಂಟು. ಎದುರು ಪಕ್ಷದ ವಕೀಲರು ಎದ್ದು, ಈ ತಾಯಿ ದಿನವೂ ಬೆಳಿಗ್ಗೆ ಗುಡಿಗೆ ಹೋಗುತ್ತಾರೆ, ದಾರಿಯಲ್ಲಿ ತರಕಾರಿಯವಳ ಹತ್ತಿರ ತೂಕದ ಬಗ್ಗೆ ವಾದಿಸುತ್ತಾರೆ, ಆ ವಾದವನ್ನು ನಾನೇ ಕೇಳಿದ್ದೇನೆ, ನನಗಿಂತ ಚೆನ್ನಾಗಿರುತ್ತದೆ ಎಂದರು. ಅರ್ಜಿ ವಜಾ. ಉಳಿದದ್ದು ಸಮನ್ಸೇ.

ಅಮೀನ ರಾಯಪುರಂ ಕಡೆಯವನು. ಹಡಗುಕಟ್ಟೆಯ ರೌಡಿಗಳಿಗೆ ಸಮನ್ಸು ಮುಟ್ಟಿಸಿ ಬಂದ ಶೂರ. ಒಂದು ಪ್ರತಿ ಕೈಗೆ ಕೊಡಬೇಕು, ಇನ್ನೊಂದರ ಮೇಲೆ ರುಜು ತರಬೇಕು. ಆ ಶೂರ ನಮ್ಮ ಮುದುಕಿಯ ಹೊಸಿಲಿನಿಂದ ಬರಿಗೈಯಲ್ಲಿ ಬಂದ. ಅವನ ತಮಿಳನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗೆ: "ಬೆಳಿಗ್ಗೆ ಹೋದರೆ ಮಡಿ ಅಂತಾರೆ. ಮಧ್ಯಾಹ್ನ ಹೋದರೆ ಮಡಿ ಅಂತಾರೆ. ಸಾಯಂಕಾಲ ಗುಡಿಯ ಹತ್ತಿರ ಕಾದೆ ಸಾರ್, ದೇವರ ಮುಂದೆ ಕಾಗದ ಚಾಚುತ್ತೀಯಾ, ಪಾಪಿ, ಅಂದರು. ಸುತ್ತ ಜನ ಸೇರಿದರು. ನನಗೂ ಮಕ್ಕಳಿದ್ದಾರೆ ಸಾರ್."

ಕಾಗದದ ಹಿಂದೆ ಅವನು ಬರೆದದ್ದು 'ನಿರಾಕರಿಸಿದರು'. ಅದನ್ನು ಓದಿ ನ್ಯಾಯಾಧೀಶರ ಹುಬ್ಬು ಏರಿತು. ಬೇಕೆಂದೇ ತಪ್ಪಿಸಿಕೊಳ್ಳುವ ಸಾಕ್ಷಿಗೆ ಮೊದಲು ಡಂಗುರ, ಆಮೇಲೆ ವಾರಂಟು. ವಾರಂಟು ಹೊರಡಿಸಬೇಕೇ ಎಂದು ಕೇಳಿದರು. ಪೊಲೀಸಿನವನೊಬ್ಬ ಮುದುಕಿಯ ತೋಳು ಹಿಡಿಯುವ ಚಿತ್ರ ಸೀನಿಯರ ಕಣ್ಣ ಮುಂದೆ ಬಂದಿರಬೇಕು. ಇನ್ನೊಂದು ಅವಕಾಶ ಕೊಡಿ ಎಂದು ಕೈಮುಗಿದರು. ಕೊಟ್ಟರು, ಇದೇ ಕೊನೆಯದು ಎಂದು ಹೇಳಿ ಕೊಟ್ಟರು.

ಮನೆಯಲ್ಲಿ ಊಟಕ್ಕೆ ಕೂತಾಗ ಈ ಗೋಳನ್ನು ಅಮ್ಮನ ಮುಂದೆ ತೋಡಿಕೊಂಡೆ. ಅಮ್ಮ ಹುಳಿ ಬಡಿಸುತ್ತ ನಕ್ಕಳು.

"ಇದೆನ್ನಡಾ ಕಷ್ಟ? ಪಟ್ಟೆಗೆ ಮೈಲಿಗೆ ಇಲ್ಲ, ತೆರಿಯಾದಾ, ಗೊತ್ತಿಲ್ಲವಾ ನಿನಗೆ? ಪಟ್ಟೆಯಲ್ಲಿ ಸುತ್ತಿ ಕೊಡು. ಮಡಿಯವರು ಬೇಡ ಅನ್ನಕೂಡದು."

ನ್ಯಾಯಶಾಸ್ತ್ರದ ಅಷ್ಟೂ ಗ್ರಂಥಗಳಲ್ಲಿ ಇಲ್ಲದ ಈ ನಿಯಮವನ್ನು ಕೇಳಿ ನಾನು ತಟ್ಟೆಯ ಮುಂದೆಯೇ ಸಂಭ್ರಮಪಟ್ಟೆ. ಮರುದಿನ ಅಮ್ಮ ದೇವರ ಪೆಟ್ಟಿಗೆಯಿಂದ ಹಳದಿ ರೇಷ್ಮೆ ಪಟ್ಟೆಯ ಚೌಕವೊಂದನ್ನು ಕೊಟ್ಟಳು. ವಾಪಸು ತರಬೇಕೆಂದು ಹೇಳಿಯೇ ಕೊಟ್ಟಳು. ಸಾಕ್ಷಿಯನ್ನು ಗುರುತು ಹಿಡಿದು ತೋರಿಸಲು ಪಕ್ಷಗಾರರ ಕಡೆಯವರು ಅಮೀನನ ಜೊತೆ ಹೋಗುವ ವಾಡಿಕೆ ಇತ್ತು. ಆ ನೆಪದಲ್ಲಿ ನಾನೂ ಹೊರಟೆ. ಮೊಹರು ಮೇಲೆ ಕಾಣುವಂತೆ ಸಮನ್ಸನ್ನು ಪಟ್ಟೆಯಲ್ಲಿ ಸುತ್ತಿ, ಅಮೀನ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆದ, ಹಿಂದೆ ನಾನು. ಮದುವೆಯ ತಾಂಬೂಲ ಒಯ್ಯುವ ಮೆರವಣಿಗೆಗೆ ವಾಲಗವೊಂದೇ ಕಮ್ಮಿ.

ಮುದುಕಿ ಎಂದಿನಂತೆ ಕೈ ಎತ್ತಿದರು. ಪಟ್ಟೆ ಕಂಡು ಎತ್ತಿದ ಕೈ ಹಾಗೆಯೇ ನಿಂತಿತು. ಅಮೀನನನ್ನು ಬಿಟ್ಟು ನನ್ನನ್ನು ನೋಡಿದರು.

"ಇದು ಯಾರ ಬುದ್ಧಿ?"

"ನಮ್ಮಮ್ಮನದು ಅಜ್ಜಿ."

"ನಿನ್ನಮ್ಮ ಶಾಸ್ತ್ರ ಬಲ್ಲವಳು." ಇನ್ಯಾವ ನೆಪ ಹೇಳಿದ್ದರೂ ಅದು ಸುಳ್ಳಾಗುತ್ತಿತ್ತು; ಮಡಿಯುಟ್ಟು ಸುಳ್ಳು ಹೇಳುವವರಲ್ಲ. "ಅಲ್ಲಿಡ್."

ಅಮೀನ ಹೊಸಿಲಿನ ಮೇಲಿಟ್ಟ. ಅವರು ಎತ್ತಿಕೊಂಡರು. ರುಜುವಿಗೆ ಅಮೀನನ ಪೆನ್ನು ಮುಟ್ಟಲಿಲ್ಲ, ಶಾಯಿಯ ಮೆತ್ತೆಯನ್ನೂ ಮುಟ್ಟಲಿಲ್ಲ. ದೇವರ ದೀಪದ ಕಾಡಿಗೆಯಲ್ಲಿ ಹೆಬ್ಬೆರಳದ್ದಿ, ಎರಡನೆಯ ಪ್ರತಿಯನ್ನು ನೆಲದ ಮೇಲೆ ಇಡಿಸಿ ಒತ್ತಿದರು. ಓದು ಬರಹ ಚೆನ್ನಾಗಿ ಬಲ್ಲವರ ಆ ಹೆಬ್ಬೆಟ್ಟು ಕೋರ್ಟಿನ ಕಡತದಲ್ಲಿ ಇವತ್ತಿಗೂ ಎಣ್ಣೆ ಬಿಡುತ್ತಿರಬಹುದು.

"ಅವಳೇ ಕರೆಸಿದ್ದಾ?" ಎಂದು ಕೇಳಿದರು.

"ಹೌದು. ತಾನು ಹೆಂಡತಿ ಎಂದು ನೀವು ಹೇಳಬೇಕಂತೆ."

"ಬತ್ತೆ ಅಂತ ಹೇಳ್," ಎಂದು ಒಳಗೆ ಹೋದರು.

ಬಂದರು. ರಿಕ್ಷಾದಲ್ಲಿ ಬಂದು, ಬೆಂಚಿನ ಮೇಲೆ ಕೂರದೆ ಗೋಡೆಯ ಪಕ್ಕ ನಿಂತೇ ಕಾದರು. ಅಂದು ನಮ್ಮ ಕಕ್ಷಿಯ ಮುಖದಲ್ಲಿ ನಾನು ಮೊದಲ ಬಾರಿ ಒಂದು ಬಗೆಯ ನೆಮ್ಮದಿ ಕಂಡೆ. ಅತ್ತೆಯ ಊರುಗೋಲು ಅವಳ ಕೈಯಲ್ಲಿತ್ತು. ಹೋಟೆಲಿನ ತಮ್ಮ ಮಾತ್ರ ಅತ್ತೆಯನ್ನು ಕಂಡೊಡನೆ ತನ್ನ ವಕೀಲರ ಕಿವಿಯಲ್ಲಿ ಏನೋ ಹೇಳಲು ಹೋದ. ವಕೀಲರು ಆಮೇಲೆ ಎಂಬಂತೆ ಕೈ ಆಡಿಸಿದರು. ಆ ಕೈ ಅವತ್ತು ಅಷ್ಟು ಗತ್ತಿನಿಂದ ಆಡದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಪ್ರಮಾಣವಾಯಿತು. ಸೀನಿಯರು ಎದ್ದು ಕೇಳಿದರು: ಅಲ್ಲಿ ಕೂತ ಹೆಣ್ಣುಮಗಳು ಯಾರು?

"ನಮ್ಮ ಅಣ್ಣನ ಮಗನ ಹೆಂಡತಿ."

ಮದುವೆ ಎಲ್ಲಾಯಿತು?

"ನಮ್ಮ ಮನೆಯ ನಡುಮನೆಯಲ್ಲಿ. ಧಾರೆ ಎರೆದದ್ದು, ಹೋಮ, ಸಪ್ತಪದಿ, ಎಲ್ಲ ಆಯಿತು. ನಾನೇ ಪಾಯಸ ಮಾಡಿದ್ದು."

ಸೀನಿಯರು ಕೂತುಬಿಟ್ಟರು. ಮೂವತ್ತು ವರ್ಷದ ವಕಾಲತ್ತು ಅವರಿಗೆ ಕಲಿಸಿದ್ದು ಆ ಕೂರುವುದನ್ನೇ. ಹಿಂದಿನ ಬೆಂಚಿನಲ್ಲಿ ನಮ್ಮ ಕಕ್ಷಿ ಕಣ್ಣು ಮುಚ್ಚಿಕೊಂಡು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವಳು ಕೇಳಿದ್ದಷ್ಟೂ ಸಿಕ್ಕಿತ್ತು. ಇನ್ನು ಗಡಿಯಾರ ನಿಂತುಬಿಟ್ಟಿದ್ದರೆ ಚೆನ್ನಾಗಿತ್ತು.

ಎದುರು ವಕೀಲರು ಎದ್ದರು. ಮದುವೆಯೇ ಆಗಿಲ್ಲವೆಂಬುದು ಅವರ ವಾದ. ಅದನ್ನು ಗಟ್ಟಿ ಮಾಡಲು ಅಸಾಧಾರಣ ಚತುರತೆಯಿಂದ ಕೇಳಿದರು.

"ಅಮ್ಮಾ, ಹೋಟೆಲ್ ಮಾಲೀಕನ ಮದುವೆ. ಛತ್ರವಿಲ್ಲ, ವಾಲಗವಿಲ್ಲ, ಕರೆಯೋಲೆ ಇಲ್ಲ, ಒಡಹುಟ್ಟಿದ ತಮ್ಮನಿಗೂ ಹೇಳಿಲ್ಲ. ನಿಮ್ಮ ನಡುಮನೆಯಲ್ಲಿ ಗುಟ್ಟಾಗಿ ಪಾಯಸ. ಇದನ್ನು ಕೋರ್ಟು ನಂಬಬೇಕೇ?"

ತಮ್ಮ ಹಿಂದಿನಿಂದ ವಕೀಲರ ಗೌನು ಜಗ್ಗಿದ. ತಡವಾಗಿತ್ತು. ಮುದುಕಿ ಆ ಪ್ರಶ್ನೆಯನ್ನು ದುಭಾಷಿಯ ಬಾಯಿಂದ ಕೇಳಿ, ಒಂದು ಸಲ ಸೊಸೆಯ ಕಡೆ ನೋಡಿದರು.

"ಎರಡನೇ ಮದುವೆಗೆ ಎಂತಕ್ಕೆ ವಾಲಗ ಮಾಣಿ?"

ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ತಾವೇ ಕೇಳಿದರು. ಮೊದಲ ಹೆಂಡತಿ ಆಗ ತೀರಿಕೊಂಡಿದ್ದಳೇ?

"ಇಲ್ಲ ಸ್ವಾಮಿ. ಇವತ್ತಿಗೂ ಇದ್ದಾಳೆ. ಊರಲ್ಲಿ, ಅವಳ ಅಣ್ಣನ ಮನೆಯಲ್ಲಿ. ಬುದ್ಧಿ ಸ್ಥಿಮಿತ ಇಲ್ಲ. ಮದುವೆಯಾದ ವರ್ಷವೇ ಹಾಗಾಯಿತು. ಈ ತಮ್ಮನಿಗೂ ಗೊತ್ತುಂಟು. ಈ ಹುಡುಗಿಗೆ ಗೊತ್ತಿಲ್ಲೆ. ಹೇಳಿರಲಿಲ್ಲ."

ಹೆಂಡತಿ ಇರುವಾಗ ಇನ್ನೊಂದು ಮದುವೆ ಆಗಕೂಡದೆಂದು ನಮ್ಮ ರಾಜ್ಯದಲ್ಲಿ ಕಾನೂನು ಬಂದದ್ದು ಗೊತ್ತಿತ್ತೇ ಎಂದು ನ್ಯಾಯಾಧೀಶರು ಕೇಳಿದರು.

"ನಮ್ಮ ಕಾಲದಲ್ಲಿ ಆಗುತ್ತಿತ್ತು. ಕಾನೂನು ತಿರುಗಿತು ಅಂತ ನಂಗೆ ಯಾರು ಬಂದು ಹೇಳಿದರು ಸ್ವಾಮಿ? ಅದಕ್ಕೆಲ್ಲ ಸಮನ್ಸು ಕಳಿಸೂದಿಲ್ಲೆ ನೀವು."

ಆ ಕಾನೂನು ಮದುವೆಗೆ ಮೊದಲೇ ಬಂದಿತ್ತು. ಪಾಯಸ, ಧಾರೆ, ಸಪ್ತಪದಿ, ಯಾವುದೂ ಲೆಕ್ಕಕ್ಕೆ ಬರುವಂತಿರಲಿಲ್ಲ. ಎರಡೂ ಮೇಜಿನ ವಕೀಲರು ಒಟ್ಟಿಗೆ ತಲೆ ತಗ್ಗಿಸಿದ ದೃಶ್ಯವನ್ನು ಆ ಕೋರ್ಟು ಮತ್ತೆ ಕಂಡಿರಲಾರದು. ಮೊದಲ ಹೆಂಡತಿ ಬದುಕಿದ್ದರೆ ತಮ್ಮನೂ ವಾರಸುದಾರನಲ್ಲ. ಅದಕ್ಕೇ ಅವನು ತನ್ನ ವಕೀಲರಿಗೂ ಅವಳ ಹೆಸರೆತ್ತಿರಲಿಲ್ಲ. ಯಾವುದೋ ಹಳ್ಳಿಯ ಮೂಲೆಯಲ್ಲಿ ಉಣ್ಣುತ್ತ, ನಿದ್ದೆ ಮಾಡುತ್ತ ಇದ್ದ ಹೆಂಗಸನ್ನು ಮದರಾಸಿನಲ್ಲಿ ತಮ್ಮ ಆಸ್ತಿಗಾಗಿ ಹೂತಿಟ್ಟಿದ್ದ. ಮುದುಕಿ ಸೊಸೆಯ ಸಲುವಾಗಿ ಬಾಯಿ ಮುಚ್ಚಿದ್ದರು. ಇಬ್ಬರೂ ಒಂದೇ ಗುಟ್ಟನ್ನು ಕಾದದ್ದು, ಬೇರೆ ಬೇರೆ ಕಾರಣಕ್ಕೆ.

ನಮ್ಮ ಕಕ್ಷಿ ಅಳಲಿಲ್ಲ. ಕೈಯಲ್ಲಿದ್ದ ಊರುಗೋಲನ್ನು ಬೆಂಚಿಗೆ ಒರಗಿಸಿಟ್ಟಳು, ತನ್ನದಲ್ಲದ ವಸ್ತುವನ್ನು ಇಡುವ ಹಾಗೆ.

ಹೊರಗೆ ವರಾಂಡದಲ್ಲಿ ಮುದುಕಿ ನನ್ನನ್ನು ಕರೆದರು. "ಬಾಗಿಲಲ್ಲೇ ಹೇಳಿದ್ದೆ ಮಾಣಿ."

"ಹೇಳಿದ್ದಿರಿ ಅಜ್ಜಿ."

"ಪ್ರಮಾಣ ಮಾಡಿಸಿದ ಮೇಲೆ ನಾ ಎಂತ ಮಾಡಲಿ?"

ನಾನು ರಿಕ್ಷಾ ಹುಡುಕುವ ನೆಪದಲ್ಲಿ ಬೀದಿಗಿಳಿದೆ.

ಕೆಲವು ವಾರಗಳ ಮೇಲೆ ತೀರ್ಪು ಬಂತು. ನಾವು ಗೆದ್ದೆವು. ವಾದಿ ತನ್ನ ಹಕ್ಕಿನ ಬಲದ ಮೇಲೆ ಗೆಲ್ಲಬೇಕೇ ಹೊರತು ಪ್ರತಿವಾದಿಯ ದೌರ್ಬಲ್ಯದ ಮೇಲೆ ಅಲ್ಲ, ವಾದಿ ವಾರಸುದಾರನಲ್ಲ, ದಾವಾ ವಜಾ. ಪ್ರತಿವಾದಿಯೂ ಕಾನೂನಿನ ಪ್ರಕಾರ ಹೆಂಡತಿಯಲ್ಲ ಎಂಬ ಮಾತು ನಡುವೆ ಒಂದು ವಾಕ್ಯದಲ್ಲಿ ಬಂದುಹೋಗಿತ್ತು. ಊರಿನ ಆ ಹೆಂಗಸಿನ ಕಡೆಯವರು ಬರುವ ತನಕ ಮಹಡಿಯಿಂದ ಅವಳನ್ನು ಯಾರೂ ಕದಲಿಸುವಂತಿಲ್ಲ ಎಂದು ಸೀನಿಯರು ವಿವರಿಸಿದರು. ಗೆದ್ದ ದಿನ ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಅವಳು ಮಹಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. "ಇದು ಅವಳದು ಸಾರ್."

"ಅವಳಿಗೆ ಹೇಗಮ್ಮಾ ಮುಟ್ಟಿಸುವುದು? ಬುದ್ಧಿ ಇಲ್ಲದವಳು, ಅಷ್ಟು ದೂರ."

"ಸಮನ್ಸು ಅಂತ ಇದೆಯಲ್ಲ ನಿಮ್ಮ ಹತ್ತಿರ. ಅದನ್ನು ಕಳಿಸಿ. ಅವಳೂ ಬಂದು ನಾನು ಯಾರು ಅಂತ ಸೊಲ್ಲಲಿ."

ಸೀನಿಯರು ನಶ್ಯದ ಡಬ್ಬಿಗೆ ಕೈ ಹಾಕಿದರು, ತೆರೆಯಲಿಲ್ಲ. ಅವಳು ಹೋದ ಮೇಲೆ ಬೀಗದ ಕೈಯನ್ನು ಲಕೋಟೆಯಲ್ಲಿ ಹಾಕಿ, ಮೊದಲ ಹೆಂಡತಿಯ ಅಣ್ಣನಿಗೆ ಒಂದು ಓಲೆ ಬರೆಯಲು ನನಗೆ ಹೇಳಿದರು. ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಇಷ್ಟರಲ್ಲಿ ಅಮ್ಮ ಪಟ್ಟೆಯ ಚೌಕ ಎಲ್ಲಿ ಎಂದು ಕೇಳತೊಡಗಿದ್ದಳು. ದೇವರ ಪೆಟ್ಟಿಗೆಯದು, ಬಿಡುವಂತಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮನಸ್ಸಿಲ್ಲದ ಮನಸ್ಸಿನಿಂದ ಕೊಳದ ಹಿಂದಿನ ಓಣಿಗೆ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಮುದುಕಿ ಮಣೆಯ ಮೇಲೆ ಕೂತು ಜಪ ಮಾಡುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಹಿತ್ತಿಲ ಬಾವಿಯಿಂದ ತುಂಬಿದ ಕೊಡ ಎತ್ತಿಕೊಂಡು ಒದ್ದೆ ಸೀರೆಯಲ್ಲಿ ಬಂದವಳು ನಮ್ಮ ಕಕ್ಷಿ. ಮಡಿನೀರನ್ನು ಆ ಮನೆಯಲ್ಲಿ ಸೊಸೆ ಬಿಟ್ಟರೆ ಯಾರೂ ಸೇದುವಂತಿಲ್ಲವೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಹಾಗೆಯೇ. ಗಂಡನಲ್ಲವೆಂದು ಕೋರ್ಟು ಹೇಳಿದವನಿಗಾಗಿ ಅವಳು ವಿಧವೆಯ ಮಡಿ ಹಿಡಿದಿದ್ದಳು.

ಬಂದ ಕಾರಣ ಹೇಳಿದೆ. ಅವಳು ಕೊಡ ಇಳಿಸಿ, ಒಗೆದು ಗಳುವಿನ ಮೇಲೆ ಮಡಿಸಿಟ್ಟಿದ್ದ ಹಳದಿ ಪಟ್ಟೆಯನ್ನು ತಂದು ಹೊಸಿಲಿನ ಮೇಲಿಟ್ಟಳು. ನಾನು ಬಗ್ಗಿ ತೆಗೆದುಕೊಳ್ಳುವಾಗ ಏನಾದರೂ ಹೇಳಬೇಕೆನ್ನಿಸಿ ಒಂದು ಹೆಜ್ಜೆ ಮುಂದೆ ಬಂದೆ.

ಅವಳು ಕೈ ಎತ್ತಿದಳು.

"ಮುಟ್ಟೂಕಾಗ," ಎಂದಳು. "ಮಡಿ."